ಕೀಲಿ ಯಾರ ಕೈಯಲ್ಲಿದೆ? – ಆಟದ ಪೆಟ್ಟಿಗೆಗಳ ಇತಿಹಾಸ



ಈಚಿನ ತಿಂಗಳುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರೂ ನೆಂಟರಲ್ಲಿ ಒಬ್ಬರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. "ಸಾರ್, ಮಗ ಪ್ಲೇಸ್ಟೇಷನ್ ಬೇಕೆಂದು ಹಟ ಹಿಡಿದಿದ್ದಾನೆ. ಅದನ್ನು ಕೊಡಿಸುವುದೋ, ಅದರ ಮೇಲೆ ಇನ್ನಷ್ಟು ದುಡ್ಡು ಹಾಕಿ ಕಂಪ್ಯೂಟರನ್ನೇ ಕೊಡಿಸುವುದೋ?" ಮೂವತ್ತು ವರ್ಷಗಳಿಗೂ ಮಿಗಿಲಾಗಿ ತರಗತಿಯಲ್ಲಿ ಇತಿಹಾಸ ಹೇಳಿದವನಿಗೆ ಹಿಂದಿನದನ್ನು ಕೆದಕದೆ ಉತ್ತರ ಕೊಡುವ ಅಭ್ಯಾಸವಿಲ್ಲವೆಂಬುದು ನಿಮಗೆ ಗೊತ್ತು. ಆದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಟಿ.ವಿ.ಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಗೆ 'ಕನ್ಸೋಲ್' ಎಂದು ಹೆಸರು. ಇಂದಿನ ಕನ್ಸೋಲುಗಳು ನನಗೆ ನಿರಾಸೆಯನ್ನು ತಂದಿವೆಯೆಂದು ಮೊದಲೇ ಹೇಳಿಬಿಡುತ್ತೇನೆ. ಅವುಗಳ ಚಿತ್ರಗಳೂ ಧ್ವನಿಯೂ ಬೆರಗು ಹುಟ್ಟಿಸುವಂಥವೇ. ಆದರೆ ಹಣ ತೆತ್ತು ತಂದ ಪೆಟ್ಟಿಗೆಯ ಮೇಲೆ ತಂದವನಿಗೆ ಉಳಿಯುವ ಹಕ್ಕು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಾ ಬಂದಿದೆ. ಅದು ಹೇಗೆ ಆಯಿತೆಂಬುದೇ ಈ ಲೇಖನದ ವಿಷಯ.

ಆಟಕ್ಕೂ ಹಕ್ಕಿಗೂ ಏನು ಸಂಬಂಧ ಎಂದು ಕೇಳುವವರು ಒಮ್ಮೆ ನಮ್ಮ ಹಂಪಿಯ ನೆಲವನ್ನು ನೋಡಬೇಕು. ದೇವಸ್ಥಾನಗಳ ಜಗಲಿಗಳ ಮೇಲೆ, ಮಂಟಪಗಳ ಹಾಸುಗಲ್ಲುಗಳ ಮೇಲೆ ಹುಲಿ-ಕುರಿ ಆಟದ ಗೆರೆಗಳು, ಚೌಕಾಬಾರದ ಮನೆಗಳು, ಅಳಗುಳಿ ಮಣೆಯ ಕುಳಿಗಳು ಇಂದಿಗೂ ಕಾಣುತ್ತವೆ. ಬೆಟ್ಟ ಹತ್ತಿ ದಣಿದ ಯಾತ್ರಿಕನೋ, ಗಿರಾಕಿಯಿಲ್ಲದೆ ಕುಳಿತ ವ್ಯಾಪಾರಿಯೋ, ದನ ಕಾಯುವ ಹುಡುಗನೋ ಕೊರೆದದ್ದಿರಬೇಕು. ಕೊರೆದವರ ಹೆಸರು ಅಲ್ಲಿಲ್ಲ. ನಾಲ್ಕು ಬೆಣಚುಕಲ್ಲು, ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆ ಬೀಜ ಇದ್ದರೆ ಯಾರು ಬೇಕಾದರೂ ಕುಳಿತು ಆಡಬಹುದು. ಇಬ್ಬರೂ ಒಪ್ಪಿದರೆ ನಿಯಮವನ್ನು ಬದಲಿಸಿಕೊಳ್ಳಬಹುದು. ಚೌಕಾಬಾರದ ನಿಯಮಗಳು ಊರಿಂದ ಊರಿಗೆ ಬೇರೆಯಾಗಿರುವುದು ಹೀಗೆಯೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ 'ಶ್ರೀತತ್ತ್ವನಿಧಿ'ಯ 'ಕೌತುಕನಿಧಿ' ಎಂಬ ಭಾಗದಲ್ಲಿ ಇಂಥ ಮಣೆಯಾಟಗಳನ್ನು ಚಿತ್ರಸಮೇತ ಬರೆಯಿಸಿದರು. ಅರಸನ ಅರಮನೆಯಲ್ಲೂ ದಾರಿಹೋಕನ ಜಗಲಿಯಲ್ಲೂ ಆಟ ಆಡುವವನ ಸ್ವತ್ತಾಗಿತ್ತು.

ಕಂಪ್ಯೂಟರ್ ಆಟದ ಹುಟ್ಟೂ ಇದೇ ರೀತಿಯದು. 1962ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು ಪಿ.ಡಿ.ಪಿ.-1 ಎಂಬ ಬೀರುವಿನಷ್ಟು ದೊಡ್ಡ ಯಂತ್ರದಲ್ಲಿ 'ಸ್ಪೇಸ್‌ವಾರ್' ಎಂಬ ಆಟವನ್ನು ಬರೆದರು. ಪೀಟರ್ ಸ್ಯಾಮ್ಸನ್ ಎಂಬಾತ ಅದಕ್ಕೆ ನಿಜವಾದ ನಕ್ಷತ್ರಗಳ ಹಿನ್ನೆಲೆಯನ್ನು ಸೇರಿಸಿದ; ಡ್ಯಾನ್ ಎಡ್ವರ್ಡ್ಸ್ ಎಂಬಾತ ನಡುವಿನ ಸೂರ್ಯನಿಗೆ ಗುರುತ್ವಾಕರ್ಷಣೆಯನ್ನು ಕೊಟ್ಟ. ಆ ಆಟವನ್ನು ಯಾರೂ ಮಾರಲಿಲ್ಲ. ಪ್ರತಿಗಳು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋದವು, ಹೋದಲ್ಲೆಲ್ಲ ಯಾರಾದರೊಬ್ಬರು ಏನಾದರೂ ಸೇರಿಸಿದರು.

ಮನೆಯ ಟಿ.ವಿ.ಗೆ ಜೋಡಿಸುವ ಮೊದಲ ಪೆಟ್ಟಿಗೆ 'ಮ್ಯಾಗ್ನವಾಕ್ಸ್ ಒಡಿಸ್ಸಿ' 1972ರಲ್ಲಿ ಬಂದಿತು. 1977ರಲ್ಲಿ ಅಟಾರಿ ಕಂಪನಿಯ ಪೆಟ್ಟಿಗೆ ಬಂದು ಮನೆಮಾತಾಯಿತು. ಅಟಾರಿಗೆ ಯಾರು ಬೇಕಾದರೂ ಆಟ ಮಾಡಿ ಮಾರುವ ಕಾಲ ಬಂದಾಗ ಕಳಪೆ ಆಟಗಳು ಅಂಗಡಿಗಳಲ್ಲಿ ತುಂಬಿಹೋದವು. 1983ರಲ್ಲಿ ಅಮೆರಿಕದಲ್ಲಿ ಆ ಮಾರುಕಟ್ಟೆಯೇ ಕುಸಿಯಿತು. ಎರಡು ವರ್ಷಗಳ ಬಳಿಕ ಜಪಾನಿನ ನಿಂಟೆಂಡೊ ತನ್ನ ಯಂತ್ರವನ್ನು ಅಮೆರಿಕದಲ್ಲಿ ಮಾರಹೊರಟಾಗ ಅದರೊಳಗೆ ಒಂದು ಬೀಗದ ಚಿಪ್ಪನ್ನು ಇಟ್ಟಿತು. ಆಟದ ಕ್ಯಾಸೆಟ್ಟಿನಲ್ಲಿ ಅದಕ್ಕೆ ಹೊಂದುವ ಕೀಲಿಯ ಚಿಪ್ಪಿಲ್ಲದಿದ್ದರೆ ಯಂತ್ರ ಆಟವನ್ನು ತೋರಿಸುವುದಿಲ್ಲ. ಕಳಪೆ ಸರಕನ್ನು ತಡೆಯಬೇಕೆಂಬುದು ಅದಕ್ಕೆ ಕೊಟ್ಟ ಕಾರಣ. ಆ ಕಾರಣದಲ್ಲಿ ಹುರುಳೂ ಇತ್ತು. ಆದರೆ ಯಂತ್ರ ಮನೆಯಲ್ಲಿದ್ದು ಕೀಲಿ ಕಂಪನಿಯಲ್ಲಿರುವ ಪದ್ಧತಿ ಅಲ್ಲಿ ನೆಲೆಯೂರಿತು. ಮುಂದಿನ ಕಥೆಯೆಲ್ಲ ಆ ಬೀಗದ ಬೆಳವಣಿಗೆಯೇ.

1983ರಲ್ಲಿ ಜಪಾನಿನಲ್ಲಿ ಬಂದಿದ್ದ ನಿಂಟೆಂಡೊ ಯಂತ್ರದಲ್ಲಿ ಈ ಬೀಗ ಇರಲಿಲ್ಲ. ಆದ್ದರಿಂದ ಅದರ ನಕಲುಗಳು ಏಷ್ಯಾದ ತುಂಬ ಹರಡಿದವು. ತೊಂಬತ್ತರ ದಶಕದಲ್ಲಿ ನಮ್ಮ ಹೊಸಪೇಟೆಯ ಅಂಗಡಿಗಳಲ್ಲಿ 'ಟಿ.ವಿ. ಗೇಮ್' ಎಂಬ ಹೆಸರಿನಲ್ಲಿ ಸಿಗುತ್ತಿದ್ದವು ಇವೇ. '9999 ಆಟಗಳು' ಎಂದು ಮುದ್ರಿಸಿದ ಹಳದಿ ಕ್ಯಾಸೆಟ್ಟಿನಲ್ಲಿ ನಿಜಕ್ಕೂ ಇದ್ದದ್ದು ಬೆರಳೆಣಿಕೆಯ ಆಟಗಳೆಂದು ಎಣಿಸಿ ತೋರಿಸಿದವರು ನಿಮ್ಮಲ್ಲೇ ಇದ್ದೀರಿ. ಮಾರಿಯೋ, ಕಾಂಟ್ರಾ ಎಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಬರೆದು ನನ್ನಿಂದ ಬೈಸಿಕೊಂಡವರೂ ಇದ್ದೀರಿ! ಕ್ಯಾಸೆಟ್ ಕೆಲಸ ಮಾಡದಿದ್ದರೆ ಬಾಯಿಂದ ಊದಿ ಮತ್ತೆ ಹಾಕುವುದು; ಬೇಸರವಾದರೆ ಓರಗೆಯವರೊಡನೆ ಬದಲಾಯಿಸಿಕೊಳ್ಳುವುದು. ಆ ಅಗ್ಗದ ಪೆಟ್ಟಿಗೆಗಳ ಆಟವೂ ಕೈಯಿಂದ ಕೈಗೆ ದಾಟುತ್ತಿತ್ತು.

ಕಂಪ್ಯೂಟರಿನ ದಾರಿ ಬೇರೆಯಾಗಿತ್ತು. ಕೇಂದ್ರ ಸರ್ಕಾರ 1984-85ರಲ್ಲಿ 'ಕ್ಲಾಸ್' ಎಂಬ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ 'ಬಿ.ಬಿ.ಸಿ. ಮೈಕ್ರೊ' ಎಂಬ ಕಂಪ್ಯೂಟರುಗಳನ್ನು ಕೊಟ್ಟಿತು. ಅದನ್ನು ಚಾಲೂ ಮಾಡಿದೊಡನೆ ಪರದೆಯ ಮೇಲೆ ಬರುತ್ತಿದ್ದದ್ದು ಬೇಸಿಕ್ ಭಾಷೆಯಲ್ಲಿ ಆಜ್ಞೆ ಬರೆಯುವ ಜಾಗ. ಆಟ ಬೇಕಿದ್ದವನು ಪುಸ್ತಕ ನೋಡಿ ಟೈಪು ಮಾಡಬೇಕು. ಒಂದು ಸಾಲು ತಪ್ಪಿದರೆ ಹುಡುಕಿ ತಿದ್ದಬೇಕು. ನಾನಿದ್ದ ಹಳ್ಳಿಯ ಶಾಲೆಗೆ ಆ ಭಾಗ್ಯ ಬರಲಿಲ್ಲ. ಈ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರದ 'ಮಾಹಿತಿ ಸಿಂಧು' ಯೋಜನೆಯ ಮೂಲಕವೇ ನಮ್ಮ ಕಡೆಯ ಅನೇಕ ಮಕ್ಕಳು ಕಂಪ್ಯೂಟರನ್ನು ಮೊದಲು ಮುಟ್ಟಿದ್ದು.

ಆಗ ಕಂಡದ್ದನ್ನು ಹೇಳದಿರಲಾರೆ. ಪಾಠಕ್ಕಿಂತ ಮುಂಚೆ ಹುಡುಗರು ಕಲಿತದ್ದು ಆಟವನ್ನು. ಆಟಕ್ಕಾಗಿ ಕಲಿತದ್ದು ಯಂತ್ರವನ್ನು. 'ಪ್ರಿನ್ಸ್ ಆಫ್ ಪರ್ಷಿಯಾ' ನಡೆಯಬೇಕಾದರೆ ಡಾಸ್ ಆಜ್ಞೆಗಳು ಬರಬೇಕು. ಡಿಸ್ಕಿನಲ್ಲಿ ಜಾಗವಿಲ್ಲದಿದ್ದರೆ ಯಾವ ಕಡತ ಅಳಿಸಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿವೇಕ ಬೇಕು. 'ಕ್ರಿಕೆಟ್ 07' ಎಂಬ ಆಟ 2006ರ ಕೊನೆಯಲ್ಲಿ ಬಂದಾಗ ಐ.ಪಿ.ಎಲ್. ಎಂಬುದೇ ಹುಟ್ಟಿರಲಿಲ್ಲ. ಅದನ್ನು ತಯಾರಿಸಿದ ಇ.ಎ. ಕಂಪನಿ ಮುಂದೆ ಕ್ರಿಕೆಟ್ ಆಟವನ್ನೇ ಬಿಟ್ಟಿತು. ಆದರೂ ಆಡುವವರು ಕಡತಗಳನ್ನು ತೆರೆದು, ತಂಡಗಳನ್ನೂ ಅಂಗಿಗಳ ಬಣ್ಣವನ್ನೂ ಬದಲಿಸಿ, ಅದರೊಳಗೆ ನಮ್ಮ ಬೆಂಗಳೂರಿನ ತಂಡವನ್ನೂ ಆಡಿಸಿದರು. ಬಂಡ್ರಿಯ ಒಬ್ಬ ಹುಡುಗ ಆಟಗಾರರ ಪಟ್ಟಿಯಲ್ಲಿ ತನ್ನ ತರಗತಿಯ ಹನ್ನೊಂದು ಜನರ ಹೆಸರು ಬರೆದು, ನನ್ನನ್ನು ಹನ್ನೆರಡನೆಯವನನ್ನಾಗಿ ಇಟ್ಟಿದ್ದ. ಇಂದು ಅವನ ಜೀವನೋಪಾಯ ಸಾಫ್ಟ್‌ವೇರ್. ಅಂಗಡಿಯಲ್ಲಿ ಕೊಂಡ ಪ್ಲೇಸ್ಟೇಷನ್ 2ರ ಅದೇ ಆಟದ ಡಿಸ್ಕು ಮಾತ್ರ 2006ರಲ್ಲಿ ಹೇಗಿತ್ತೋ ಹಾಗೆಯೇ ಉಳಿಯಿತು.

ಹೊರಗಿನ ಲೋಕದಲ್ಲೂ ಇದೇ ನಡೆಯಿತು. 1993ರಲ್ಲಿ ಬಂದ 'ಡೂಮ್' ಆಟದ ನಕ್ಷೆಗಳನ್ನು ಆಡುವವರೇ ಹೊಸದಾಗಿ ಕಟ್ಟಿಕೊಳ್ಳುವಂತೆ ಅದರ ಕರ್ತೃಗಳು ಬಿಟ್ಟಿದ್ದರು. 1997ರಲ್ಲಿ ಮೂಲ ಸಂಕೇತಗಳನ್ನೇ ಬಹಿರಂಗಪಡಿಸಿದರು. 1998ರ 'ಹಾಫ್-ಲೈಫ್' ಆಟವನ್ನು ಇಬ್ಬರು ಯುವಕರು ತಿದ್ದಿ ಬೆಳೆಸಿದ್ದರಿಂದ ಮರುವರ್ಷ 'ಕೌಂಟರ್-ಸ್ಟ್ರೈಕ್' ಹುಟ್ಟಿತು. ನಮ್ಮ ಕನ್ನಡದ ಮಟ್ಟಿಗೆ ಇದಕ್ಕಿಂತ ದೊಡ್ಡ ನಿದರ್ಶನವಿದೆ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ತಂತ್ರಾಂಶವನ್ನು ಹೊರತಂದಾಗ ಯಾವ ಕಂಪ್ಯೂಟರ್ ತಯಾರಕನ ಅನುಮತಿಯೂ ಬೇಕಾಗಲಿಲ್ಲ. ಯಂತ್ರ ತೆರೆದಿತ್ತು, ಅವರು ಬರೆದರು, ನಾವು ಕನ್ನಡದಲ್ಲಿ ಟೈಪು ಮಾಡಿದೆವು. ಕಂಪ್ಯೂಟರೂ ಕನ್ಸೋಲಿನಂತೆ ಬೀಗ ಹಾಕಿಕೊಂಡು ಬಂದಿದ್ದರೆ ಕನ್ನಡ ಅದರೊಳಗೆ ಬರಲು ಎಷ್ಟು ವರ್ಷ ಕಾಯಬೇಕಾಗಿತ್ತೋ!

ಕನ್ಸೋಲುಗಳಲ್ಲಿಯೂ ಒಳ್ಳೆಯ ಕಾಲ ಇಲ್ಲದಿರಲಿಲ್ಲ. 2000ರಲ್ಲಿ ಬಂದ ಪ್ಲೇಸ್ಟೇಷನ್ 2 ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ಡಿಸ್ಕು ಹಾಕಿದರೆ ಆಟ ಸುರು. ವೈರಸ್ಸಿನ ಕಾಟವಿಲ್ಲ, ಹೊಸ ಬಿಡಿಭಾಗ ಕೊಳ್ಳುವ ಖರ್ಚಿಲ್ಲ. ಅದಕ್ಕಾಗಿ 2009ರಲ್ಲಿ ಗಿಲ್ಲಿ-ದಾಂಡು, ಕಬಡ್ಡಿ ಮುಂತಾದವನ್ನು ಒಳಗೊಂಡ 'ದೇಸಿ ಅಡ್ಡಾ' ಎಂಬ ಭಾರತೀಯ ಆಟವೂ ಬಂದಿತು. ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್‌ನಂಥ ಸಂಸ್ಥೆಗಳ ನಮ್ಮ ಕಲಾವಿದರು ವಿದೇಶಿ ಕನ್ಸೋಲ್ ಆಟಗಳಿಗೆ ಚಿತ್ರ ರಚಿಸಿ ಹೆಸರು ಮಾಡಿದರು. ಡಿಸ್ಕನ್ನು ಗೆಳೆಯನಿಗೆ ಕೊಡಬಹುದಿತ್ತು, ಮಾರಬಹುದಿತ್ತು, ತಮ್ಮನಿಗೆ ಉಳಿಸಬಹುದಿತ್ತು.

ಬಿಗಿ ಬಂದದ್ದು ಆಮೇಲೆ. ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಹಾಕಿಕೊಂಡು ಅದನ್ನು ಪೂರ್ಣ ಕಂಪ್ಯೂಟರಿನಂತೆ ಬಳಸುವ ಸೌಲಭ್ಯವಿತ್ತು. ಅಮೆರಿಕದ ವಾಯುಪಡೆಯ ಸಂಶೋಧನಾಲಯವು ಅಂಥ 1,700ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಜೋಡಿಸಿ ಒಂದು ಸೂಪರ್ ಕಂಪ್ಯೂಟರನ್ನೇ ಕಟ್ಟಿತು. ಆದರೆ 2010ರ ಏಪ್ರಿಲ್ 1ರಂದು ಸೋನಿ ಕಂಪನಿ ಒಂದು ಪರಿಷ್ಕರಣೆಯ ಮೂಲಕ ಆ ಸೌಲಭ್ಯವನ್ನು ಕಿತ್ತುಹಾಕಿತು. ಪರಿಷ್ಕರಣೆ ಬೇಡವೆಂದವನಿಗೆ ಕಂಪನಿಯ ಜಾಲದ ಬಾಗಿಲು ಮುಚ್ಚಿತು. ಹಣ ತೆತ್ತು ಕೊಂಡ ಗುಣವೊಂದನ್ನು ಮಾರಿದವನೇ ಮನೆಯೊಳಗೆ ಬಂದು ತೆಗೆದುಕೊಂಡು ಹೋದಂತಾಯಿತು. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಎಕ್ಸ್‌ಬಾಕ್ಸ್ ಪ್ರತಿ 24 ಗಂಟೆಗೊಮ್ಮೆ ಅಂತರಜಾಲಕ್ಕೆ ಹಾಜರಿ ಹಾಕಬೇಕೆಂದಿತು. ಜನ ಸಿಡಿದೆದ್ದಾಗ ಅದೇ ಜೂನ್‌ನಲ್ಲಿ ಹಿಂದೆಗೆಯಿತು. ಅದೇ ವರ್ಷದಿಂದ ಹೊಸ ಪ್ಲೇಸ್ಟೇಷನ್‌ನಲ್ಲಿಯೂ ಹೆಚ್ಚಿನ ಆಟಗಳನ್ನು ಜಾಲದ ಮೂಲಕ ಇತರರೊಡನೆ ಆಡಲು ಚಂದಾ ಕಟ್ಟುವುದು ಕಡ್ಡಾಯವಾಯಿತು. 2020ರಲ್ಲಿ ಡಿಸ್ಕಿನ ಗೂಡೇ ಇಲ್ಲದ ಮಾದರಿಗಳು ಬಂದವು.

ಡಿಸ್ಕಿಲ್ಲದ ಆಟಕ್ಕೆ ಕಂಪನಿಯ ಅಂಗಡಿಯೊಂದೇ ಗತಿ. ಆ ಅಂಗಡಿ ಮುಚ್ಚಿದರೆ? ನಿಂಟೆಂಡೊ 2023ರ ಮಾರ್ಚ್‌ನಲ್ಲಿ ತನ್ನ ಎರಡು ಯಂತ್ರಗಳ ಜಾಲದಂಗಡಿಗಳಲ್ಲಿ ಮಾರಾಟವನ್ನು ನಿಲ್ಲಿಸಿತು; 2024ರ ಜುಲೈಯಲ್ಲಿ ಎಕ್ಸ್‌ಬಾಕ್ಸ್ 360ರ ಅಂಗಡಿ ಮುಚ್ಚಿತು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮುಂಚೆ ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. 1565ರಲ್ಲಿ ಹಂಪಿ ಹಾಳಾಯಿತು, ಕಲ್ಲಿನ ಮೇಲಿನ ಹುಲಿ-ಕುರಿಯ ಮನೆ ಉಳಿಯಿತು. ಇಲ್ಲಿ ಯಾರೂ ದಂಡೆತ್ತಿ ಬರದಿದ್ದರೂ ಇಪ್ಪತ್ತೇ ವರ್ಷಗಳಲ್ಲಿ ಆಟಗಳು ಅಳಿಯುತ್ತಿವೆ. ಇತಿಹಾಸದ ಮೇಷ್ಟ್ರಿಗೆ ಇದು ನೋವಿನ ಸಂಗತಿ.

ನಮ್ಮ ಬಂಧುಗಳ ಮನೆಯಲ್ಲಿ, ಬಂಡ್ರಿಯಲ್ಲಿಯೇ, ಕಳೆದ ಬೇಸಿಗೆ ರಜೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಹುಡುಗನ ಹುಟ್ಟುಹಬ್ಬಕ್ಕೆಂದು ಪಟ್ಟಣದಿಂದ ಕನ್ಸೋಲನ್ನೂ ಒಂದು ಆಟದ ಡಿಸ್ಕನ್ನೂ ತಂದರು. ಡಿಸ್ಕು ಹಾಕಿದ ಮೇಲೆ, ಇನ್ನೂ ಹಲವು ಗಿಗಾಬೈಟ್ ಇಳಿಸಿಕೊಳ್ಳಬೇಕೆಂದು ಪರದೆ ಹೇಳಿತು. ನಮ್ಮೂರಿನ ಕರೆಂಟೂ ನೆಟ್ಟೂ ಹೇಗಿರುತ್ತವೆಂದು ನಿಮಗೆ ವಿವರಿಸಬೇಕಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಕರೆಂಟು ಹೋಗುವುದು, ಬಂದಾಗ ನೆಟ್ಟು ಇಲ್ಲದಿರುವುದು. ಮೂರನೆಯ ದಿನ ಆಟ ಮೊದಲಾಯಿತು; ಬೆಂಗಳೂರಿನ ಚಿಕ್ಕಪ್ಪನ ಮಗನೊಡನೆ ಆಡಹೋದಾಗ ಚಂದಾ ಕೇಳಿತು. ಹುಡುಗ ಅಳಲಿಲ್ಲ. "ತಾತ, ಇದು ನಮ್ಮದಾ, ಅವರದಾ?" ಎಂದು ಕೇಳಿದ. ಅವನ ಅಪ್ಪ ಸುಮ್ಮನಿದ್ದ, ನಾನೂ ಸುಮ್ಮನಿದ್ದೆ.

ಕಂಪ್ಯೂಟರಿನ ಪಕ್ಷ ವಹಿಸುವಾಗ ಅದರ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಆಟಕ್ಕೆ ತಕ್ಕ ಕಂಪ್ಯೂಟರ್ ದುಬಾರಿ. ನಮ್ಮಲ್ಲಿ ಕಂಪ್ಯೂಟರ್ ಆಟ ಹಬ್ಬಿದ್ದು ಬಹುಪಾಲು ಕಳ್ಳಪ್ರತಿಗಳ ಬಲದಿಂದ. ಅದರಿಂದ ಆಟ ಬರೆದವರ ಶ್ರಮಕ್ಕೆ ಬೆಲೆ ಸಿಗಲಿಲ್ಲ. ಈಗ 'ಸ್ಟೀಮ್' ಅಂಗಡಿಯಲ್ಲಿ ಕೊಂಡ ಆಟವೂ ಕಾನೂನಿನ ಪ್ರಕಾರ ಬಳಸುವ ಪರವಾನಗಿ ಮಾತ್ರ. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಕಂಪನಿ 'ದಿ ಕ್ರೂ' ಎಂಬ ಕಾರಿನ ಆಟದ ಸರ್ವರುಗಳನ್ನು ನಿಲ್ಲಿಸಿದಾಗ ಕನ್ಸೋಲಿನವರೂ ಕಂಪ್ಯೂಟರಿನವರೂ ಒಟ್ಟಿಗೆ ಆಟ ಕಳೆದುಕೊಂಡರು. ಇಂಥ ಅಸಮಾಧಾನದ ನಡುವೆ, ಪರವಾನಗಿಯನ್ನಷ್ಟೇ ಮಾರುವಾಗ ಹಾಗೆಂದು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದಿದೆ. ಆದರೂ ಕಂಪ್ಯೂಟರಿನಲ್ಲಿ ಬೇರೆ ದಾರಿ ಇನ್ನೂ ಉಳಿದಿದೆ. ಬೀಗವಿಲ್ಲದ ಪ್ರತಿಗಳನ್ನು ಮಾರುವ 'ಗಾಗ್'ನಂಥ ಅಂಗಡಿಗಳಿವೆ, ಉಚಿತ ಆಟಗಳಿವೆ. ಏನೂ ಇಲ್ಲದಿದ್ದರೆ ಸ್ವತಃ ಬರೆದುಕೊಳ್ಳುವ ಅವಕಾಶವಿದೆ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಮಗ ಆಡಲಿ, ಆಟವಿಲ್ಲದ ಬಾಲ್ಯ ಬಾಲ್ಯವಲ್ಲ. ಕೈಯಲ್ಲಿ ಹಣವಿದ್ದು ಒಂದನ್ನೇ ಕೊಡಿಸುವುದಾದರೆ ಸಾಧಾರಣವಾದ ಕಂಪ್ಯೂಟರನ್ನು ಕೊಡಿಸಿ. ಚಿತ್ರ ಸ್ವಲ್ಪ ಮಂಕಾಗಿದ್ದರೂ ಚಿಂತೆಯಿಲ್ಲ. ಕನ್ಸೋಲೇ ಬೇಕೆಂದರೆ ಡಿಸ್ಕಿನ ಗೂಡು ಇರುವುದನ್ನು ಆರಿಸಿ. ನೆಟ್ ಇಲ್ಲದಾಗ ಆಟ ನಡೆಯುತ್ತದೆಯೇ, ಚಂದಾ ಎಷ್ಟು, ಡಿಸ್ಕನ್ನು ಇನ್ನೊಬ್ಬರಿಗೆ ಕೊಟ್ಟರೆ ಅಲ್ಲಿ ಆಡುತ್ತದೆಯೇ – ಈ ಮೂರನ್ನು ಅಂಗಡಿಯವನನ್ನು ಕೇಳಿ ತಿಳಿದ ಮೇಲೆ ದುಡ್ಡು ಕೊಡಿ. ಕೇಳುವಾಗ ಮಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಕೊಳ್ಳುವವನಿಗೆ ಕೇಳುವ ಹಕ್ಕಿದೆಯೆಂದು ಅವನೂ ಕಲಿಯಲಿ.

ನಿಮ್ಮ ಕಾಲದ ಟಿ.ವಿ. ಗೇಮ್, ಕಂಪ್ಯೂಟರ್ ಸೆಂಟರುಗಳ ನೆನಪುಗಳಿದ್ದರೆ ಬರೆದು ತಿಳಿಸಿ. ಯಾರ ಮನೆಯ ಅಟ್ಟದಲ್ಲಾದರೂ ಆ ಹಳದಿ ಕ್ಯಾಸೆಟ್ಟುಗಳು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಎಲ್ಲರಿಗೂ ಶುಭವಾಗಲಿ.

– ನಿಮ್ಮ ಮೇಷ್ಟ್ರು, ಬಂಡ್ರಿ