ರೆಂಬ್ರಾಂಟನ ಚಿತ್ರದಲ್ಲಿ ಕ್ಷಮೆ

ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಸಾಮ್ಯವು ಯುರೋಪಿನ ಚಿತ್ರಕಾರರನ್ನು ಶತಮಾನಗಳ ಕಾಲ ಕಾಡಿದ ವಸ್ತು. ಕಿರಿಯ ಮಗನು ತಂದೆ ಬದುಕಿರುವಾಗಲೇ ತನ್ನ ಪಾಲನ್ನು ಕೇಳಿ ಪಡೆದು, ದೂರದೇಶದಲ್ಲಿ ಅದನ್ನೆಲ್ಲ ಹಾಳುಮಾಡಿ, ಹಂದಿ ಕಾಯುವ ಸ್ಥಿತಿಗಿಳಿದು ಮನೆಗೆ ಹಿಂದಿರುಗುತ್ತಾನೆ. ಹಂದಿಯು ಯೆಹೂದ್ಯರಿಗೆ ನಿಷಿದ್ಧ ಪ್ರಾಣಿ; ಕಥೆಯ ಮೊದಲ ಶ್ರೋತೃಗಳಿಗೆ ಇದು ಪತನದ ಪರಮಾವಧಿ.

ಇಲ್ಲೊಂದು ಸೂಕ್ಷ್ಮವುಂಟು. ತಾನು ಪಾಪಿಯೆಂದೂ, ಮಗನೆನಿಸಿಕೊಳ್ಳಲು ಯೋಗ್ಯನಲ್ಲವೆಂದೂ, ಕೂಲಿಯಾಳಾಗಿ ಇಟ್ಟುಕೊಳ್ಳಬೇಕೆಂದೂ ಹೇಳಲು ಅವನು ಮಾತನ್ನು ಮೊದಲೇ ಸಿದ್ಧಪಡಿಸಿಕೊಂಡು ಬಂದಿರುತ್ತಾನೆ. ಆದರೆ ತಂದೆಯು ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಮಗನು ಬಾಯಿ ತೆರೆಯುವುದು ಅನಂತರ. ಕೂಲಿಯಾಳಿನ ಮಾತಂತೂ ಹೊರಬರುವುದೇ ಇಲ್ಲ. ಹಾಗಾದರೆ ಕ್ಷಮೆಯು ತಪ್ಪೊಪ್ಪಿಗೆಗೆ ದೊರೆತ ಪ್ರತಿಫಲವೋ, ಅದಕ್ಕೂ ಮೊದಲೇ ಇದ್ದದ್ದೋ?

ಜರ್ಮನಿಯ ಡ್ಯೂರರನು 15ನೆಯ ಶತಮಾನದ ಕೊನೆಯಲ್ಲಿ ರಚಿಸಿದ ತಾಮ್ರಫಲಕದ ಕೆತ್ತನೆಯಲ್ಲಿ ಮಗನು ಹಂದಿಗಳ ನಡುವೆ ಮೊಣಕಾಲೂರಿ ಕೈಮುಗಿದಿದ್ದಾನೆ. ಅಲ್ಲಿ ತಂದೆಯೇ ಇಲ್ಲ, ಪಶ್ಚಾತ್ತಾಪವೇ ಸರ್ವಸ್ವ. ಸ್ಪೇನಿನ ಮುರಿಲ್ಲೊ ಸೆವಿಲ್ಲೆಯ ಧರ್ಮಾಸ್ಪತ್ರೆಯೊಂದಕ್ಕಾಗಿ ಬರೆದ ಚಿತ್ರದಲ್ಲಿ ಹೊಸ ಬಟ್ಟೆ, ಔತಣಕ್ಕೆ ತಂದ ಕರು ಎಲ್ಲವೂ ಸಿದ್ಧವಾಗಿವೆ. ಚಿತ್ರ ಸುಂದರವೇ, ಆದರೆ ಕಣ್ಣು ಸಂಭ್ರಮದ ಕಡೆಗೆ ಸರಿದುಬಿಡುತ್ತದೆ.

ಡಚ್ ಕಲಾವಿದ ರೆಂಬ್ರಾಂಟನ (1606–1669) ದಾರಿಯೇ ಬೇರೆ. ಯೌವನದಲ್ಲಿ, ಸುಮಾರು 1635ರಲ್ಲಿ, ಆತನು ತನ್ನನ್ನೇ ಆ ದುಂದುಗಾರನನ್ನಾಗಿಸಿ, ಪತ್ನಿ ಸಾಸ್ಕಿಯಾಳೊಡನೆ ಮದ್ಯದ ಲೋಟವೆತ್ತಿ ನಗುವಂತೆ ಚಿತ್ರಿಸಿಕೊಂಡನು. 1636ರ ಕೆತ್ತನೆಯಲ್ಲಿ ತಂದೆಯು ಧಾವಿಸಿ ಬಂದು ಬಾಗಿದ್ದಾನೆ. ಆಮೇಲೆ ಬಂದವು ಸಾಸ್ಕಿಯಾಳ ಮರಣ, 1656ರ ದಿವಾಳಿ, 1668ರಲ್ಲಿ ಮಗ ಟೈಟಸನ ಸಾವು.

ಬದುಕಿನ ಕಡೆಯ ವರ್ಷಗಳಲ್ಲಿ ಬರೆದ ದೊಡ್ಡ ಚಿತ್ರವು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಅದರ ಎತ್ತರ ಎರಡೂವರೆ ಮೀಟರಿಗೂ ಹೆಚ್ಚು. ಇಲ್ಲಿ ಓಟವಿಲ್ಲ, ಕರುವಿಲ್ಲ, ಹೊಸ ಬಟ್ಟೆಯಿಲ್ಲ. ಮುಂಡನಗೊಂಡ ತಲೆಯನ್ನು ತಂದೆಯ ಎದೆಗೊತ್ತಿ ಮಗನು ಮಂಡಿಯೂರಿದ್ದಾನೆ, ಮುಖ ಅರೆಮರೆಯಾಗಿದೆ. ನೋಡುವವರ ಕಡೆಗೆ ತಿರುಗಿರುವುದು ಅವನ ಸವೆದ ಅಂಗಾಲು, ಕಳಚಿಬಿದ್ದ ಕೆರ. ಆ ಅಂಗಾಲೇ ಅವನ ತಪ್ಪೊಪ್ಪಿಗೆ. ದೃಷ್ಟಿ ಮಂದವಾದಂತಿರುವ ವೃದ್ಧನು ಎರಡು ಕೈಗಳನ್ನೂ ಮಗನ ಬೆನ್ನ ಮೇಲೆ ಇಟ್ಟಿದ್ದಾನೆ. ಒಂದು ಅಗಲವಾಗಿ ಬಿಗಿಹಿಡಿದಿದೆ, ಇನ್ನೊಂದು ಮೃದುವಾಗಿ ತಂಗಿದೆ. ಚಿತ್ರದ ಬೆಳಕೆಲ್ಲ ಬಹುತೇಕ ಅಲ್ಲಿಯೇ ನಿಂತಿದೆ.

ಬಲಬದಿಯಲ್ಲಿ ಕೆಂಪು ನಿಲುವಂಗಿ ತೊಟ್ಟು, ಕೋಲು ಹಿಡಿದು ನಿಂತವನನ್ನು ಹಿರಿಯ ಮಗನೆಂದು ಬಹುಮಂದಿ ಗುರುತಿಸುತ್ತಾರೆ. ಮೂಲಕಥೆಯಲ್ಲಿ ಆ ಹೊತ್ತಿಗೆ ಅವನು ಹೊಲದಲ್ಲಿದ್ದನು; ಚಿತ್ರಕಾರನು ಅವನನ್ನು ಸಾಕ್ಷಿಯಾಗಿ ಕರೆತಂದಿದ್ದಾನೆ. ಎಂದೂ ಆಜ್ಞೆ ಮೀರದ ತನಗೆ ಒಂದು ಆಡಿನ ಮರಿಯನ್ನೂ ಕೊಡದವನು ಇವನಿಗೆ ಕೊಬ್ಬಿದ ಕರುವನ್ನೇ ಕೊಯ್ಸಿದನೆಂಬುದು ಅವನ ದೂರು. ಅದು ಅನ್ಯಾಯದ ದೂರೆನ್ನುವಂತಿಲ್ಲ. ತಂದೆಯು ಹೊರಬಂದು ಅವನನ್ನೂ ಒಳಗೆ ಕರೆಯುತ್ತಾನೆ. ಅವನು ಹೋದನೋ ಇಲ್ಲವೋ, ಸುವಾರ್ತೆಯು ಹೇಳುವುದಿಲ್ಲ.