ನೆಲಹಾಸು, ಹಿರಿಯರ ಮನೆಗಳಲ್ಲಿ (ಸಿಂಧನೂರು, ಲಿಂಗಸುಗೂರು, ಮಸ್ಕಿ)

ರಾಯಚೂರು ಜಿಲ್ಲೆಯ ಈ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲ, ಇಲ್ಲವೇ ಶಹಾಬಾದ್ ಪರಸಿ ಕಾಣಸಿಗುತ್ತದೆ. ಪರಸಿ ಕಲಬುರಗಿ ಕಡೆಯ ಸುಣ್ಣಕಲ್ಲು. ಪಾಲಿಶ್ ಮಾಡದೆ ಹಾಸಿದರೆ ಕಾಲಿಗೆ ಹಿಡಿತ ಕೊಡುತ್ತದೆ, ಬೇಸಿಗೆಯಲ್ಲಿ ತಂಪು. ಹೊಳಪಿನ ವಿಟ್ರಿಫೈಡ್ ಟೈಲ್ಸ್ ನೋಡಲು ಚೆಂದ. ಆದರೆ ತಂಬಿಗೆಯಿಂದ ಚೆಲ್ಲಿದ ನೀರು ಆ ಹೊಳಪಿನಲ್ಲಿ ಮಂದಗಣ್ಣಿಗೆ ಕಾಣುವುದೇ ಇಲ್ಲ.

ಟೈಲ್ಸ್ ಎಷ್ಟು ಜಾರದೆ ಹಿಡಿಯುತ್ತದೆ ಎಂದು ಅಂಗಡಿಯವರು ಹೇಳುವ ಆರ್-9ರಿಂದ ಆರ್-13ರ ಜರ್ಮನ್ ಶ್ರೇಣಿ ಬೂಟು ಹಾಕಿ ನಡೆದು ಅಳೆದದ್ದು. ಬರಿಗಾಲಿನ ಒದ್ದೆ ಜಾಗಕ್ಕೆ ಎ, ಬಿ, ಸಿ ಎಂಬ ಬೇರೆ ದರ್ಜೆಗಳಿವೆ. ಸಿ ಎಲ್ಲಕ್ಕಿಂತ ಹೆಚ್ಚು ಹಿಡಿತದ್ದು. ಬಚ್ಚಲಿಗೆ ಕೇಳಬೇಕಾದದ್ದು ಈ ಬರಿಗಾಲಿನ ದರ್ಜೆಯನ್ನೇ. ಎಣ್ಣೆ ಸ್ನಾನದ ಮರುದಿನ ಯಾವ ಟೈಲ್ಸ್ ಆದರೂ ಉಜ್ಜಿ ತೊಳೆಯದಿದ್ದರೆ ಜಾರುತ್ತದೆ.

ಇಲ್ಲಿನ ದೊಡ್ಡ ತೊಡಕು ಎರೆಮಣ್ಣು. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು ಸೀಮೆಯಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅಡಿಗೆ ಗರಸು ತುಂಬಿ ದಮ್ಮಸು ಮಾಡದಿದ್ದರೆ ಪರಸಿಯ ಒಂದು ಮೂಲೆ ಎದ್ದು ನಿಲ್ಲುತ್ತದೆ. ಕಾಲೆಳೆದು ನಡೆಯುವ ಅಜ್ಜಿಗೆ ಅರ್ಧ ಇಂಚೂ ಎಡವುಗಲ್ಲು. ಹೊಸ್ತಿಲೂ ಹಾಗೆಯೇ ಎಡವಿಸುತ್ತದೆ, ಆದರೆ ಪೂಜೆ ಮಾಡುವ ಹೊಸ್ತಿಲನ್ನು ಯಾರೂ ಕೀಳಿಸುವುದಿಲ್ಲ. ಅದಕ್ಕೆ ನೆಲಕ್ಕಿಂತ ಬೇರೆಯಾಗಿ ಎದ್ದು ಕಾಣುವ ಬಣ್ಣ ಬಳಿದರೂ ಸಾಕು.