ಬೆಳ್ಳಿತೆರೆಗೆ ತಡವಾಗಿ ದಕ್ಕಿದ ಪೆಗಿ

ರಾಮನಗರದ ಬಂಡೆಗಳಿಗೆ ಸಿನಿಮಾದವರ ಸಹವಾಸ ಹೊಸದಲ್ಲ. ‘ಶೋಲೆ’ಯ ಗಬ್ಬರ್ ಸಿಂಗ್ ಅಬ್ಬರಿಸಿದ್ದು ಅಲ್ಲಿಯೇ. ಅದರ ಚಿತ್ರೀಕರಣವಾದ ಸುಮಾರು ಒಂದು ದಶಕದ ನಂತರ ರಾಮನಗರ, ಸಾವನದುರ್ಗಗಳ ಬೆಟ್ಟಗಳಿಗೆ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಬಂದರು. ಇ.ಎಂ. ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯಲ್ಲಿ ಬರುವ ಮಾರಬಾರ್ ಗುಹೆಗಳ ಮೂಲ ಬಿಹಾರದ ಬರಾಬರ್ ಬೆಟ್ಟ. ಆದರೆ ಲೀನ್‌ಗೆ ಹಿಡಿಸಿದ್ದು ನಮ್ಮ ಬಂಡೆಗಳು. ಕಾದಂಬರಿಯ ಊರಿನ ಪೇಟೆಬೀದಿ ಬೆಂಗಳೂರು ಅರಮನೆಯ ಆವರಣದಲ್ಲಿ ಎದ್ದಿತು.

1984ರಲ್ಲಿ ತೆರೆಕಂಡ ಆ ಚಿತ್ರದಲ್ಲಿ, ಮಗನನ್ನು ನೋಡಲು ಭಾರತಕ್ಕೆ ಬರುವ ಮುದುಕಿ ಮಿಸೆಸ್ ಮೂರ್ ಪಾತ್ರ ವಹಿಸಿದವರು ಪೆಗಿ ಆಶ್‌ಕ್ರಾಫ್ಟ್. ಲೀನ್‌ಗಿಂತ ಮೂರು ತಿಂಗಳಿಗೆ ದೊಡ್ಡವರು. ಗುಹೆಯ ಪ್ರತಿಧ್ವನಿ ಕೇಳಿ ತತ್ತರಿಸುವ, ಆಮೇಲೆ ಯಾವುದರಲ್ಲೂ ನಂಬಿಕೆ ಉಳಿಯದಂತೆ ಬಾಡುವ ಆ ಮುಖಕ್ಕೆ 1985ರ ಮಾರ್ಚ್‌ನಲ್ಲಿ ಶ್ರೇಷ್ಠ ಪೋಷಕ ನಟಿ ಆಸ್ಕರ್ ಬಂತು. ಆಗ ಅವರಿಗೆ 77 ವರ್ಷ. ತಮಾಷೆಯೆಂದರೆ, ಹಾಲಿವುಡ್ ‘ಪೋಷಕ’ ಎಂದ ಅದೇ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಕೊಟ್ಟದ್ದು ಶ್ರೇಷ್ಠ ನಟಿ ಪ್ರಶಸ್ತಿ!

ಹಾಗಾದರೆ ಅದುವರೆಗೆ ಪೆಗಿ ಎಲ್ಲಿದ್ದರು? ರಂಗದ ಮೇಲೆ. 1907ರಲ್ಲಿ ಕ್ರಾಯ್ಡನ್‌ನಲ್ಲಿ ಹುಟ್ಟಿದ ಈಕೆ 1930ರಲ್ಲಿ ಕಪ್ಪು ಅಮೆರಿಕನ್ ಗಾಯಕ-ನಟ ಪಾಲ್ ರೋಬ್ಸನ್‌ರ ಒಥೆಲೊಗೆ ಡೆಸ್ಡಿಮೋನಾ ಆದರು. ಕರಿಯನೊಬ್ಬ ಬಿಳಿ ಹೆಣ್ಣನ್ನು ರಂಗದ ಮೇಲೆ ಮುದ್ದಿಡುವುದನ್ನು ಸಹಿಸದವರು ಅವರಿಗೆ ದ್ವೇಷದ ಪತ್ರ ಬರೆದರು. 22ರ ಹುಡುಗಿ ಹಿಂಜರಿಯಲಿಲ್ಲ. 1935ರಲ್ಲಿ ಗೀಲ್‌ಗುಡ್ ಮತ್ತು ಒಲಿವಿಯರ್ ಸರದಿಯಂತೆ ರೋಮಿಯೋ ಆದಾಗ ಇಬ್ಬರಿಗೂ ಜೂಲಿಯೆಟ್ ಆಗಿದ್ದವರು ಪೆಗಿ. 1956ರಲ್ಲಿ ‘ಡೇಮ್’ ಬಿರುದು ಸಂದಿತು. ಸಿನಿಮಾ ಮಾತ್ರ ಅವರನ್ನು ಸಣ್ಣಪುಟ್ಟ ಪಾತ್ರಗಳಿಗಷ್ಟೇ ಕರೆಯಿತು. ಹಿಚ್‌ಕಾಕ್‌ರ ‘ದಿ 39 ಸ್ಟೆಪ್ಸ್’ನಲ್ಲಿ ರೈತನ ಹೆಂಡತಿಯಾಗಿ ಅವರು ಬಂದು ಹೋಗುವುದು ಕೆಲವೇ ನಿಮಿಷ.

ಈ ಬಾಕಿಯನ್ನು ಮೊದಲು ತೀರಿಸಿದ್ದು ಕಿರುತೆರೆ. ಪಾಲ್ ಸ್ಕಾಟ್ ಕಾದಂಬರಿಗಳನ್ನು ಆಧರಿಸಿ ಗ್ರನಾಡಾ ಸಂಸ್ಥೆ ತಯಾರಿಸಿದ 14 ಕಂತುಗಳ ‘ದಿ ಜ್ಯುಯೆಲ್ ಇನ್ ದಿ ಕ್ರೌನ್’ 1984ರ ಆರಂಭದಲ್ಲಿ ಬಂತು. ಅದರಲ್ಲಿ ಪೆಗಿ ನಿವೃತ್ತ ಮಿಷನರಿ ಬಾರ್ಬಿ ಬ್ಯಾಚಲರ್. ಬಾಯಿ ಮುಚ್ಚದೆ ಮಾತಾಡುವ ಈ ಹೆಂಗಸು ಗೆಳತಿ ಸತ್ತ ಮೇಲೆ ಇದ್ದ ನೆಲೆಯನ್ನೂ ಕಳೆದುಕೊಂಡು, ಕೊನೆಗೆ ಆಸ್ಪತ್ರೆಯಲ್ಲಿ ಮೌನಿಯಾಗುತ್ತಾಳೆ. ಮಿಸೆಸ್ ಮೂರ್‌ಗಿಂತ ಬಾರ್ಬಿಯೇ ಒಂದು ಕೈ ಮೇಲು ಎನ್ನಬೇಕು. ಭಾರತವನ್ನಾಳಿದ ಬಿಳಿಯರ ನಡುವೆಯೇ ಪರಕೀಯರಾದ ಇಬ್ಬರು ಮುದುಕಿಯರು ಒಂದೇ ವರ್ಷದಲ್ಲಿ ಒಬ್ಬಳೇ ನಟಿಗೆ ಒಲಿದದ್ದು ವಿಶೇಷ.

ಪೆಗಿ ಅಲ್ಲಿಗೆ ನಿಲ್ಲಲಿಲ್ಲ. 1989ರಲ್ಲಿ ಬಿಬಿಸಿಯ ‘ಷಿ ಈಸ್ ಬೀನ್ ಅವೇ’ ಚಿತ್ರದಲ್ಲಿ, ಬಾಳಿನ ಬಹುಭಾಗವನ್ನು ಮಾನಸಿಕ ಆಸ್ಪತ್ರೆಯಲ್ಲಿ ಕಳೆದು ಹೊರಬರುವ ವೃದ್ಧೆಯಾದರು. ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿಯನ್ನು ಸಹನಟಿ ಜೆರಾಲ್ಡೀನ್ ಜೇಮ್ಸ್ ಜೊತೆ ಹಂಚಿಕೊಂಡರು. ಎರಡು ವರ್ಷಗಳ ತರುವಾಯ, 1991ರ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು.